ಬೊಕ್ಕತಲೆಯವನ ಮೂಗು

ಡಲ್ಸಿ ಪ್ರೆಂಟಿಸ್‌ಗೆ ಗೊಂಬೆ ಮಾಡುವ ಮೆತ್ತನೆಯ ಕ್ಲೇಯ ಎರಡನೆಯ ಉಂಡೆ ಕೊಳ್ಳುವ ಗತಿ ಎಂದೂ ಇರಲಿಲ್ಲ. ಇದ್ದ ಆ ಒಂದೇ ಉಂಡೆಗಾಗಿ ಅವಳ ಅಂತ್ಯಕ್ರಿಯೆಯ ದಿನ ಮೆಲ್ಬರ್ನ್‌ನ ಚಿತಾಗಾರದ ಬಾಗಿಲಲ್ಲಿ ಮಗ ಕ್ರೇಗ್ ಮತ್ತು ತಂಗಿ ನೋಲೀನ್ ಜಗ್ಗಾಡುತ್ತಿದ್ದರು.

"ಬಿಡು ಚಿಕ್ಕಮ್ಮ! ಮ್ಯೂಸಿಯಮ್ಮಿನವರಿಗೆ ಮಾತು ಕೊಟ್ಟಿದೀನಿ. ಗಾಜಿನ ಪೆಟ್ಟಿಗೇಲಿಟ್ಟು ಮೇಲೊಂದು ದೀಪ ಹಾಕ್ತಾರಂತೆ."

"ಕೆಳಗೆ ಏನಂತ ಬರೀತಾರೋ? ಸಗಣಿ ಅಂತಲಾ?"

ಬಿಸ್ಕತ್ತು ಕಾರ್ಖಾನೆಯಲ್ಲಿ ಡಲ್ಸಿಯ ಜೊತೆ ದುಡಿದ ಮುದುಕಿಯರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಉಂಡೆಯ ಬಣ್ಣ ನಿಜಕ್ಕೂ ಹಾಗೇ ಇತ್ತು.

"ಅಮ್ಮನ ಮೊದಲಿನ ಚಿತ್ರಗಳ ಗೊಂಬೆ ಒಂದೂ ಇಲ್ಲ. ಉಳಿದಿರೋದು ಇದೊಂದೇ," ಎಂದ ಕ್ರೇಗ್.

"ಗೊಂಬೆಗಳೆಲ್ಲ ಇದರೊಳಗೇ ಇದಾವೆ ಕಣೋ."

*

ಆಗೆಲ್ಲ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಡಲ್ಸಿ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಗೊಂಬೆಗಳ ಚಲನಚಿತ್ರ ತೆಗೆಯುತ್ತಿದ್ದಳು. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫೋಟೋ. ಮತ್ತೆ ಸರಿಸುವುದು, ಇನ್ನೊಂದು. ಎಲ್ಲವನ್ನೂ ಸಾಲಾಗಿ ಓಡಿಸಿದರೆ ತೆರೆಯ ಮೇಲೆ ಗೊಂಬೆ ತಾನೇ ನಡೆಯುತ್ತಿತ್ತು. ನೋಲೀನ್ ದೀಪ ಹಿಡಿಯುತ್ತಿದ್ದಳು. ಮೊದಲ ಚಿತ್ರ ತನ್ನ ಟೋಪಿಯನ್ನೇ ತಿನ್ನುವ ಬೊಕ್ಕತಲೆಯವನದು. ಕೊನೆಯ ಫೋಟೋ ಆದದ್ದೇ ತಡ, ಡಲ್ಸಿ ಅವನನ್ನು ಅಂಗೈಗಳ ನಡುವೆ ಹಿಚುಕಿಬಿಟ್ಟಳು.

"ಅಯ್ಯೋ ಪಾಪಿ! ಮೂಗು ಎಷ್ಟು ಚೆನ್ನಾಗಿತ್ತು!"

"ಮೂಗು ನೋಡ್ತಾ ಕೂತ್ರೆ ನಾಯಿ ಎಲ್ಲಿಂದ ಬರುತ್ತೆ? ನೆಟ್ಟಗೆ ದೀಪ ಹಿಡಿಯೇ."

ಅವನ ಹಳದಿ ಮೈ, ಕೆಂಪು ಟೋಪಿ, ನೀಲಿ ಷರಾಯಿ ಬೆರೆತು ಎರಡನೆಯ ಚಿತ್ರದ ನಾಯಿಯಾಯಿತು. ನಾಯಿಯನ್ನು ನಾದಿ ಮೂರನೆಯದರ ಕುಣಿಯುವ ಹೆಂಗಸು. ಟಿವಿಯವನೊಬ್ಬ, ಎಲ್ಲವೂ ಕೆಸರಿನ ಬಣ್ಣ ಎಂದು ಮೂಗು ಮುರಿದ.

"ಓಡ್ತವಲ್ಲ, ಸಾಕು," ಎಂದಿದ್ದಳು ಡಲ್ಸಿ. "ಅಲ್ಲಾಡದ ಗೊಂಬೆ ಬೇಕಿದ್ರೆ ಅಂಗಡಿಗೆ ಹೋಗಿ."

*

ನೋಲೀನ್ ಉಂಡೆ ಕಿತ್ತುಕೊಂಡು ನೇರ ಶವಪೆಟ್ಟಿಗೆಯ ಬಳಿಗೆ ಹೋದಳು. ಪಾದ್ರಿ ಕೆಮ್ಮಿದ. ಅವಳು ಸೊಪ್ಪು ಹಾಕಲಿಲ್ಲ. ಸೊಟ್ಟಗಾದ ಬೆರಳುಗಳಲ್ಲೇ ನಾದಿ, ಕಾಲು ಎಳೆದು, ತಲೆ ದುಂಡಗೆ ಮಾಡಿ, ಬೊಕ್ಕತಲೆಯವನನ್ನು ಮುಚ್ಚಳದ ಮೇಲೆ ನಿಲ್ಲಿಸಿದಳು.

"ಇವನು ಅವಳ ಜೊತೆಗೇ ಸುಟ್ಟುಹೋಗ್ತಾನೆ. ಮ್ಯೂಸಿಯಮ್ಮಿನವರು ಬೇಕಾದ್ರೆ ಬೂದಿಗೆ ದೀಪ ಹಾಕ್ಕೊಳ್ಳಲಿ."

ಕ್ರೇಗ್ ಮುಂದೆ ಬಂದು ಕೈ ಚಾಚಿದ. ನೋಲೀನ್ ಅಡ್ಡ ನಿಂತಳು. ಆ ಚಿತ್ರ ನೋಡಿಯೇ ಬೆಳೆದವನು ಅವನು, ಗೊಂಬೆಯನ್ನೇ ದಿಟ್ಟಿಸಿದ.

"ಮೂಗು ಸಣ್ಣದಾಯ್ತು, ಚಿಕ್ಕಮ್ಮ."

ಅವಳು ಪಕ್ಕಕ್ಕೆ ಸರಿದಳು. ಅವನು ಗೊಂಬೆಯ ಬೆನ್ನಿಂದ ಒಂದು ಚಿಟಿಕೆ ಕಿತ್ತು ಮೂಗಿಗೆ ಒತ್ತಿದ.

ಪೆಟ್ಟಿಗೆ ಉರುಳೆಗಳ ಮೇಲೆ ಪರದೆಯತ್ತ ಹೊರಟಿತು. ಹಳೆಯ ಯಂತ್ರ, ತುಸು ಸರಿದು ನಿಲ್ಲುತ್ತಿತ್ತು, ಮತ್ತೆ ತುಸು ಸರಿಯುತ್ತಿತ್ತು. ಒಂದೊಂದು ಎಳೆತಕ್ಕೂ ಬೊಕ್ಕತಲೆಯವನು ಹೆಜ್ಜೆಯಿಟ್ಟಂತೆ ತೂಗಾಡಿದ. ನೋಲೀನಳ ಬಲಗೈ ದೀಪ ಹಿಡಿದಂತೆ ಮೇಲೆದ್ದು ಅಲ್ಲೇ ನಿಂತಿತ್ತು.

ಪರದೆ ಮುಚ್ಚಿತು. ಹೋದವರು: ಡಲ್ಸಿ, ಟೋಪಿ ತಿಂದವನು, ಒಂದು ನಾಯಿ, ಕುಣಿಯುವವಳೊಬ್ಬಳು.