ಗದ್ದೆಯ ಶಿಲುಬೆಯ ಮುಂದಿನ ಕುಣಿತ

"ಬೆಂಕಿಗೆ ಇನ್ನೂ ಸ್ವಲ್ಪ ಹತ್ತಿರ ಹಿಡಿ ಪ್ಯಾಟ್ರಿಕ್, ಚರ್ಮ ಬಿಗಿಯಾಗಬೇಕಲ್ವಾ?" ಎಂದಳು ಬರ್ತಾ.

ಮೈದುನ ಗುಮಟೆಯನ್ನು ಒಲೆಗೆ ಬಾಗಿಸಿದ. ಮಣ್ಣಿನ ಮಡಕೆಗೆ ಚರ್ಮ ಬಿಗಿದ ಆ ವಾದ್ಯವನ್ನು ಹದವಾಗಿ ಕಾಯಿಸಲು ಬಲ್ಲವನು ಬರ್ತಾಳ ಗಂಡ ಲೂಯಿಸ್ ಒಬ್ಬನೇ. ಅವನೋ ಜಗಲಿಯ ಪೆಟ್ಟಿಗೆಯಲ್ಲಿ, ಕೈಗೆ ಜಪಮಾಲೆ ಸುತ್ತಿಸಿಕೊಂಡು ಮಲಗಿದ್ದ. ಗದ್ದೆಯ ಶಿಲುಬೆಯ ಮುಂದೆ ಯಾರಾದರೂ ಕುಣಿದು ನನ್ನನ್ನು ಕಳಿಸಿಕೊಡಿ ಎಂಬುದೊಂದೇ ಅವನು ಸಾಯುವ ಮುಂಚೆ ಕೇಳಿದ್ದು.

ಟಪ್ಪೆಂದು ಚರ್ಮ ಸೀಳಿಹೋಯಿತು.

"ಅಯ್ಯೋ, ಹೋಯ್ತಲ್ಲ ಅತ್ತಿಗೆ!"

ಬಾಗಿಲಲ್ಲಿ ನಿಂತಿದ್ದ ಹೊಸ ಫಾದರ್ ಸಮಾಧಾನ ಹೇಳಿದರು. "ಚಪ್ಪಾಳೆ ಹಾಕಿದರಾಯ್ತು. ಕುಣಿಯಲಿಕ್ಕೆ ಈಗ ಅಡ್ಡಿ ಎಂತದೂ ಇಲ್ಲ. ಅದೂ ಪ್ರಾರ್ಥನೆಯೇ ಅಲ್ವಾ? ಹೆಜ್ಜೆ ಯಾರಿಗೆ ಗೊತ್ತುಂಟು?"

ಯಾರಿಗೂ ಗೊತ್ತಿರಲಿಲ್ಲ. ತಲೆಮಾರಿಗೆ ಒಬ್ಬರಿಗೆ ಮಾತ್ರ ಕಲಿಸುವುದು ಆ ಮನೆಯ ಕ್ರಮ.

*

ಎಪ್ಪತ್ತೆರಡನೇ ಇಸವಿಯ ತೆನೆಹಬ್ಬ. ಮರಿಯಮ್ಮನಿಗೆ ಹೊಸ ತೆನೆ ಒಪ್ಪಿಸಿ ಬಂದ ಲೂಯಿಸ್, ಇನ್ನಂಜೆಯ ಗದ್ದೆ ಬದಿಯ ಶಿಲುಬೆಯ ಮುಂದೆ ಕುಣಿಯುತ್ತಿದ್ದ. ಅವನ ಹಿರಿಯರು ಶಿಲುಬೆಯನ್ನು ಕಾಣುವ ಮೊದಲೇ ಹೊಸ ಬೆಳೆಗೆ ಕುಣಿದ ಕುಣಿತ ಅದು. ದೇವರು ಬದಲಾದರೂ ಹೆಜ್ಜೆ ಬದಲಾಗಿರಲಿಲ್ಲ. ಒಬ್ಬಳೇ ಮಗಳು, ಪುಟ್ಟ ಸೆಲೀನ್, ಅಪ್ಪನ ಹಿಂದೆಯೇ ಕಾಲು ಹಾಕುತ್ತಿದ್ದಳು.

ದಾರಿಯಲ್ಲಿ ಬಂದ ಆಗಿನ ಫಾದರ್ ಸೈಕಲ್ ನಿಲ್ಲಿಸಿ, "ಇದೆಂತ ಲೂಯಿಸ್, ಭೂತದ ಕೋಲವಾ?" ಎಂದರು.

ಅಷ್ಟಕ್ಕೇ ಬರ್ತಾ ಓಡಿ ಬಂದು ಮಗಳ ರಟ್ಟೆ ಹಿಡಿದೆಳೆದಳು. "ನೀವು ಬೇಕಾದರೆ ಕುಣಿದು ನರಕಕ್ಕೆ ಹೋಗಿ. ಇವಳಿಗೆ ಕಲಿಸಿದರೆ ನಾನು ಬಾವಿಗೆ ಹಾರ್ತೇನೆ!"

ಆಮೇಲೂ ಲೂಯಿಸ್ ಪ್ರತಿವರ್ಷ ಒಬ್ಬನೇ ಕುಣಿದ, ಯಾರಿಗೂ ಕಲಿಸಲಿಲ್ಲ. ಹೆಂಡತಿಯ ಮಾತನ್ನು ಅಷ್ಟು ಚೆನ್ನಾಗಿ ನಡೆಸಿಕೊಟ್ಟ ಗಂಡ ಆ ಊರಿನಲ್ಲಿ ಇನ್ನೊಬ್ಬನಿರಲಿಲ್ಲ.

*

ಶಿಲುಬೆಯ ಹತ್ತಿರ ಬಂದಾಗ ಪೆಟ್ಟಿಗೆ ಹೊತ್ತವರು ನಿಂತರು. ಬರ್ತಾ ಮಗಳ ಕೈ ಹಿಡಿದಳು. ಸೆಲೀನ್ ಈಗ ಮಣಿಪಾಲದಲ್ಲಿ ನರ್ಸ್.

"ನಿನಗೆ ಸ್ವಲ್ಪವಾದರೂ ನೆನಪುಂಟಾ ಬಾಯೆ?"

"ಇಲ್ಲಮ್ಮ. ನೀನು ಎಳೆದುಕೊಂಡು ಹೋದದ್ದು ಮಾತ್ರ ನೆನಪುಂಟು."

ಆಮೇಲೆ ಲೂಯಿಸ್ ಕುಣಿದಷ್ಟು ವರ್ಷವೂ ಬರ್ತಾ ಬಾಗಿಲು ಹಾಕಿಕೊಂಡು ಒಳಗೆ ಕೂತವಳು. ಈಗ ಚಪ್ಪಲಿ ಕಳಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲರೂ ನೋಡುತ್ತಿದ್ದಂತೆ ಪೆಟ್ಟಿಗೆಯ ಮುಂದೆ ಬಂದು ನಿಂತಳು. ಪ್ಯಾಟ್ರಿಕ್ ಮೆಲ್ಲಗೆ ಚಪ್ಪಾಳೆ ಹಾಕತೊಡಗಿದ.

ಬರ್ತಾ ಬಲಗಾಲು ಎತ್ತಿದಳು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಚಪ್ಪಾಳೆ ನಿಂತುಹೋಯಿತು, ಹೊತ್ತವರು ಹೆಗಲು ಬದಲಿಸಿದರು. ಅವಳ ಕಾಲು ಇನ್ನೂ ಗಾಳಿಯಲ್ಲೇ ನಡುಗುತ್ತಿತ್ತು.