ಚೀಕ್ಟವಾಗದ ಬರ್ನಿಸಮ್ಮ

ಅಮೆರಿಕದ ಬಫಲೋ ಊರಿನಲ್ಲಿ ಆಗಸ್ಟ್ ಬಂತೆಂದರೆ ಯಾರಿಗೂ ಕೂತಲ್ಲಿ ಕೂರಲಾಗುವುದಿಲ್ಲ. ಹಿಮ ಬೀಳಲು ಇನ್ನೂ ಕಾಲವಿದೆ, ಸರೋವರದ ಗಾಳಿಯೂ ಹಿತವಾಗಿದೆ, ಆದರೂ ನೆಮ್ಮದಿ ಇಲ್ಲ. ಅಲ್ಲಿಯವರು ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಫುಟ್‌ಬಾಲ್ ಶುರುವಾಗಬೇಕು. ಆ ವರ್ಷವಂತೂ ಊರಿಗೆ ಊರೇ ಒಬ್ಬ ಹುಡುಗನ ಕೈಗಳನ್ನು ನೋಡುತ್ತ ಕೂತಿತ್ತು. ಅವನು ಟೆವಿನ್ ಗ್ಯಾಸ್ಕಿನ್ಸ್, ಇದೇ ಊರಿನಲ್ಲಿ ಹುಟ್ಟಿ ಬೆಳೆದು ಊರಿನ ತಂಡಕ್ಕೇ ಆಡುತ್ತಿದ್ದವನು. ಎದುರಾಳಿಗಳನ್ನು ತಪ್ಪಿಸಿಕೊಂಡು ಮೈದಾನದ ತುದಿಗೆ ಓಡಿ, ದೂರದಿಂದ ಎಸೆದ ಚೆಂಡನ್ನು ಹಿಡಿಯುವುದು ಅವನ ಕೆಲಸ. ತಂಡ ಸೇರಿದ ಮೊದಲ ವರ್ಷವೇ ಎಲ್ಲರೂ ಬಾಯಿ ಬಿಟ್ಟು ನೋಡುವ ಹಾಗೆ ಹಿಡಿದಿದ್ದ. ಜನವರಿಯ ಕೊನೆಯ ಪಂದ್ಯದಲ್ಲಿ ಮಾತ್ರ, ಇನ್ನೇನು ಗೆದ್ದೇಬಿಟ್ಟೆವು ಅನ್ನುವಾಗ, ಚೆಂಡು ಅವನ ಎರಡೂ ಕೈಗಳ ನಡುವೆ ಜಾರಿ ನೆಲಕ್ಕೆ ಬಿತ್ತು. ಉಳಿದ ಚಳಿಗಾಲವೆಲ್ಲ ಊರಿನವರು ಬಾಗಿಲ ಮುಂದಿನ ಹಿಮ ಎತ್ತುತ್ತ ಅದನ್ನೇ ಮಾತಾಡಿಕೊಂಡರು.

ಬೇಸಿಗೆ ಬರುವಷ್ಟರಲ್ಲಿ ಬೈಗುಳ ಖಾಲಿಯಾಗಿ ನಿರೀಕ್ಷೆ ಶುರುವಾಯಿತು. ಬೈಗುಳವೇ ವಾಸಿಯಾಗಿತ್ತು ಎಂದು ಒಡೆಸ್ಸಾಗೆ ಅನ್ನಿಸಿತು. ಒಡೆಸ್ಸಾ ಟೆವಿನ್‌ನ ಅಜ್ಜಿ, ತಂದೆಯ ತಾಯಿ. ನಾಲ್ಕು ವರ್ಷದವನಿದ್ದಾಗ ತಾಯಿಯನ್ನು ಕಳೆದುಕೊಂಡ ಮಗುವನ್ನು ತಂದು ಸಾಕಿದವಳು. ಒಂದು ಆಯುಷ್ಯವಿಡೀ ಸಿಟಿ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು. ಗಲಾಟೆ ಮಾಡುವ ಬಸ್ಸನ್ನೇ ಒಂದು ಮಾತಿಗೆ ಸುಮ್ಮನಾಗಿಸಿದ್ದ ಅವಳಿಗೆ ಈಗ ಊರಿನ ಬಾಯಿ ಮುಚ್ಚಿಸಲು ಆಗುತ್ತಿರಲಿಲ್ಲ.

ಎಲ್ಲರ ಬಾಯಲ್ಲೂ ಒಂದೇ ಮಾತು, ಜಿಗಿತ. ಎರಡನೇ ವರ್ಷದಲ್ಲಿ ಆಟಗಾರ ಜಿಗಿಯಬೇಕಂತೆ. ಒಳ್ಳೆಯವನಾಗಿದ್ದವನು ದೊಡ್ಡವನಾಗಬೇಕಂತೆ, ಇಲ್ಲದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲವಂತೆ. ಚರ್ಚಿನಲ್ಲಿ ಪಾದ್ರಿ ಕೈ ಕುಲುಕಿ ಅದನ್ನೇ ಕೇಳಿದರು. ಔಷಧಿ ಅಂಗಡಿಯ ಹುಡುಗಿ ಕೇಳಿದಳು. ಹಲ್ಲಿನ ಡಾಕ್ಟರು ಅವಳ ಬಾಯೊಳಗೆ ಎರಡೂ ಕೈ ಹಾಕಿಕೊಂಡು, "ಈ ವರ್ಷ ನಿಮ್ಮ ಮೊಮ್ಮಗ ಜಿಗೀತಾನೆ ತಾನೆ?" ಎಂದರು. ಹಲ್ಲು ನೋಯದೇ ಇದ್ದಿದ್ದರೆ ಆ ಕೈ ಕಚ್ಚಿಯೇ ಬಿಡುತ್ತಿದ್ದೆ ಎಂದು ಒಡೆಸ್ಸಾ ಆಮೇಲೆ ಗೆಳತಿ ಲೂವಿನಿಯಾಗೆ ಹೇಳಿದಳು.

ಅವಳು ಸುಮ್ಮನಿದ್ದುದಕ್ಕೆ ಕಾರಣವಿತ್ತು. ಟೆವಿನ್ ಊರಾಚೆ ಸ್ವಂತ ಮನೆ ಮಾಡಿದ್ದರೂ ಪ್ರತಿ ಭಾನುವಾರ ಸಂಜೆ ಅಜ್ಜಿಯ ಅಡುಗೆಮನೆಗೆ ಊಟಕ್ಕೆ ಬರುತ್ತಿದ್ದ. ಜುಲೈನ ಒಂದು ಭಾನುವಾರ ತಟ್ಟೆ ಮುಂದಿಟ್ಟುಕೊಂಡು ಹೇಳಿದ್ದ: "ಅಜ್ಜಿ, ನನ್ನ ವಿಷಯ ಹೊರಗೆ ಯಾರ ಹತ್ರಾನೂ ಮಾತಾಡಬೇಡ. ಕೇಳಿದ್ರೆ, ಚೆನ್ನಾಗಿದಾನೆ, ಹೊಟ್ಟೆ ತುಂಬ ತಿಂತಾನೆ ಅಂದುಬಿಡು. ನಾನು ಏನೂ ಹಿಡೀಬೇಕಾಗಿಲ್ಲದ ಜಾಗ ಅಂದ್ರೆ ಇದೊಂದು ಟೇಬಲ್ಲೇ."

ಆಯಿತು ಮಗಾ ಎಂದು ಅವಳು ಮಾತು ಕೊಟ್ಟಿದ್ದಳು. ಕೊಟ್ಟ ಮಾತನ್ನು ಉಳಿಸಿಕೊಂಡೂ ಇದ್ದಳು, ಅವಳ ಲೆಕ್ಕದಲ್ಲಿ. ಒಡೆಸ್ಸಾ ಗ್ಯಾಸ್ಕಿನ್ಸ್ ಯಾರ ಹತ್ತಿರವೂ ತುಟಿ ಬಿಚ್ಚಲಿಲ್ಲ. ಆದರೆ ಅಡುಗೆಮನೆಯ ಕಿಟಕಿಯಲ್ಲಿ ಒಂದು ರೇಡಿಯೋ ಇತ್ತು. ಅದರಲ್ಲಿ ದಿನಾ ಮಧ್ಯಾಹ್ನ ವಿನ್ಸ್ ಮಜೂರ್ ಎಂಬುವನು ಊರವರ ಫೋನು ತೆಗೆದುಕೊಂಡು ತಂಡದ ಬಗ್ಗೆ ಹರಟೆ ಹೊಡೆಯುತ್ತಿದ್ದ. ಕಂಡಕಂಡವರು ಫೋನ್ ಮಾಡಿ ಟೆವಿನ್‌ನ ಕಾಲು ಹೀಗೆ, ಭುಜ ಹಾಗೆ ಎಂದು, ಸಂತೆಯಲ್ಲಿ ಹೋರಿ ನೋಡಿದ ಹಾಗೆ ಮಾತಾಡುತ್ತಿದ್ದರು. ಕೇಳುತ್ತ ಕೇಳುತ್ತ ಒಡೆಸ್ಸಾ ಎದ್ದು ರೇಡಿಯೋ ಆರಿಸುತ್ತಿದ್ದಳು. ಆರಿಸಿದರೆ ಇನ್ನೂ ಕಷ್ಟ, ಏನಂದರೋ ಎಂದು ಮತ್ತೆ ಹಾಕಬೇಕು. ಕೊನೆಗೊಂದು ಮಧ್ಯಾಹ್ನ ಅವಳೇ ಫೋನ್ ತಿರುಗಿಸಿದಳು. ಹೆಸರು ಕೇಳಿದಾಗ ಬಾಯಿಗೆ ಬಂದದ್ದು ಬರ್ನಿಸ್. ಊರು ಕೇಳಿದಾಗ ಪಕ್ಕದ ಚೀಕ್ಟವಾಗ ಅಂದಳು. ಆ ಕಡೆ ಬಸ್ಸು ಓಡಿಸಿದ್ದರಿಂದ ಅಲ್ಲಿಯ ಬೀದಿಗಳೆಲ್ಲ ಗೊತ್ತಿದ್ದವು. ದನಿಯನ್ನು ಸ್ವಲ್ಪ ಮೂಗಿನಿಂದ ತೆಗೆದಳು.

ಬರ್ನಿಸಮ್ಮ ಕೆಲವೇ ದಿನದಲ್ಲಿ ಊರಿಗೇ ಬೇಕಾದವಳಾದಳು.

"ಹೇಳಿ ಬರ್ನಿಸಮ್ಮ, ಇವತ್ತು ಯಾರ ಮೇಲೆ ಸಿಟ್ಟು?" ಎಂದು ಮಜೂರ್ ಕೇಳುತ್ತಿದ್ದ.

"ನಿನ್ನ ಮೇಲೇ. ಆ ಹುಡುಗನ ಕಾಲು ಕೈ ಎಲ್ಲಾ ಅಳೀತೀರಲ್ಲ, ಅವನಿಗೆ ವಯಸ್ಸೆಷ್ಟು ಅಂತ ನೋಡಿದೀಯಾ? ನನ್ನ ಮನೆ ಫ್ರಿಜ್ಜು ಅವನಿಗಿಂತ ಹಳೇದು."

"ಹಾಗಾದ್ರೆ ಈ ವರ್ಷ ಅವನು ಜಿಗಿಯೋದು ಬೇಡ್ವಾ?"

"ಜಿಗಿಯೋಕೆ ಅವನೇನು ಕಪ್ಪೆನಾ? ಓಡ್ತಾನೆ, ಹಿಡೀತಾನೆ. ಒಂದೊಂದ್ಸಲ ಬೀಳುತ್ತೆ. ನಿನ್ನ ಕೈಯಿಂದ ಲೋಟ ಬಿದ್ದಿಲ್ವಾ?"

ಬೇರೆಯವರು ನಡುವೆ ಬಾಯಿ ಹಾಕಿದರೆ, "ಎಲ್ಲರೂ ಹಳದಿ ಗೆರೆ ಹಿಂದೆ ನಿಂತ್ಕೊಳ್ಳಿ, ಇಲ್ಲಾಂದ್ರೆ ಗಾಡಿ ಮುಂದಕ್ಕೆ ಹೋಗಲ್ಲ" ಎನ್ನುತ್ತಿದ್ದಳು. ಬಸ್ಸಿನಲ್ಲಿ ಡ್ರೈವರ್ ಸೀಟಿನ ಹಿಂದಿನ ಗೆರೆ ದಾಟಿ ಬಂದವರಿಗೆ ದಿನಕ್ಕೆ ಹತ್ತು ಸಲ ಹೇಳಿ ನಾಲಿಗೆಗೆ ಅಂಟಿದ್ದ ಮಾತು ಅದು. ಮಜೂರ್ ಬಿದ್ದು ಬಿದ್ದು ನಗುತ್ತಿದ್ದ. ಫೋನ್ ಇಟ್ಟ ಮೇಲೆ ಒಡೆಸ್ಸಾಗೆ ಸ್ವಲ್ಪ ಹೊತ್ತು ಉಸಿರು ಹಗುರಾಗುತ್ತಿತ್ತು, ಆಮೇಲೆ ಮತ್ತೆ ಚಡಪಡಿಕೆ.

ಪಂದ್ಯಗಳ ಋತು ಶುರುವಾಗಲು ಇನ್ನು ಕೆಲವೇ ದಿನಗಳಿದ್ದವು. ಒಂದು ಗುರುವಾರ ಪಕ್ಕದೂರು ಟೊನಾವಾಂಡಾದಿಂದ ಒಬ್ಬ ಫೋನ್ ಮಾಡಿದ. ಬರ್ನಿಸಮ್ಮನೂ ಆಗ ಲೈನಿನಲ್ಲಿದ್ದಳು.

"ಮಾತು ಸುತ್ತಿಬಳಸೋದು ಬೇಡ," ಎಂದ ಆತ. "ಹುಡುಗನಿಗೆ ಭಯ. ಎದುರಿಗೆ ದಪ್ಪನೆಯವನು ಬಂದ್ರೆ ಕೈ ನಡುಗುತ್ತೆ. ಅದು ಚಿಕ್ಕಂದಿನಿಂದ ಬರಬೇಕು ಧೈರ್ಯ. ಮನೇಲಿ ಸರಿಯಾಗಿ ಬೆಳೆಸಿದವರು ಯಾರೂ ಇರಲಿಲ್ಲ ಅನ್ಸುತ್ತೆ."

ಒಡೆಸ್ಸಾ ಫೋನನ್ನು ಬಾಯಿಗೆ ಹತ್ತಿರ ತಂದಳು. ಮೂಗಿನ ದನಿ ಮರೆತೇಹೋಯಿತು.

"ಭಯಾನಾ? ನನ್ನ ಬಿಸ್ಕಿಟ್‌ಗೆ ಭಯಾನಾ? ತಾಯೀನ ಮಣ್ಣು ಮಾಡಿ ಬಂದ ರಾತ್ರಿ ಆ ಮಗು ಊಟ ಮಾಡ್ಲಿಲ್ಲ, ಅಳ್ಲಿಲ್ಲ. ನಾನು ಒಲೆಯಿಂದ ತೆಗೆದ ಒಂದು ಬಿಸ್ಕಿಟ್ ಮುಷ್ಟೀಲಿ ಹಿಡ್ಕೊಂಡು ಮಲಗ್ತು. ಬೆಳಗಾಗೋವರೆಗೂ ಬಿಡ್ಲಿಲ್ಲ. ಅವನ ಕೈ ಬಗ್ಗೆ ನೀನು ನನಗೆ ಹೇಳ್ತೀಯೇನೋ?"

ಮಜೂರ್ ಮೆಲ್ಲಗೆ, "ಬರ್ನಿಸಮ್ಮ, ನಿಮ್ಮ ಬಿಸ್ಕಿಟ್ಟಾ?" ಎಂದ.

ಅವಳು ಫೋನ್ ಇಟ್ಟಳು. ಇಟ್ಟ ಮೇಲೂ ಕೈ ಅದರ ಮೇಲೇ ಇತ್ತು.

ಆ ಹೆಸರು ಆ ಮನೆಯಿಂದ ಆಚೆ ಹೋಗಿರಲೇ ಇಲ್ಲ. ಶಾಲೆಯಲ್ಲಿ ಅವನು ಟೆವಿನ್, ತಂಡದಲ್ಲಿ ಗ್ಯಾಸ್ಕಿನ್ಸ್. ಹಿಟ್ಟು ಮೆತ್ತಿದ ಈ ಅಡುಗೆಮನೆಯಲ್ಲಿ ಮಾತ್ರ ಬಿಸ್ಕಿಟ್. ಮರುದಿನ ಬೆಳಿಗ್ಗೆ ಔಷಧಿ ಅಂಗಡಿಯ ಹುಡುಗಿ, "ಬಿಸ್ಕಿಟ್ ಹೇಗಿದಾನೆ?" ಎಂದು ಕೇಳಿದಳು. ಶನಿವಾರದ ಹೊತ್ತಿಗೆ ಅಂಗಿಗಳ ಮೇಲೆ ಅಚ್ಚಾಗಿತ್ತು: ಬಿಡಬೇಡ ಬಿಸ್ಕಿಟ್. ಜನ ಕೆಟ್ಟವರೇನಲ್ಲ, ಕಥೆ ಕೇಳಿ ಎಷ್ಟೋ ಮಂದಿ ಅತ್ತಿದ್ದರು. ಅತ್ತು, ಕಣ್ಣು ಒರೆಸಿಕೊಂಡು, ಅಂಗಿ ಕೊಂಡುಕೊಂಡಿದ್ದರು.

ಆ ಭಾನುವಾರ ಒಡೆಸ್ಸಾ ಎಂದಿನಂತೆ ಕೋಳಿ ಬೇಯಿಸಿ, ಬನ್ನಿನಂಥ ಮೆತ್ತನೆಯ ಬಿಸ್ಕಿಟ್ ಸುಟ್ಟಿಟ್ಟಳು. ಸಂಜೆ ಫೋನಿಗೆ ಒಂದು ಸಾಲು ಬಂತು: "ಇವತ್ತು ಬರೋಕಾಗಲ್ಲ ಅಜ್ಜಿ." ಕಾರಣ ಬರೆದಿರಲಿಲ್ಲ. ಅವಳು ಕರೆ ಮಾಡಿದಳು, ಅವನು ಎತ್ತಲಿಲ್ಲ. ಬಟ್ಟೆ ಮುಚ್ಚಿದ ತಟ್ಟೆಯ ಮುಂದೆ ಕೂತಳು, ಎದ್ದಳು, ಕಿಟಕಿಗೆ ಹೋದಳು, ಮತ್ತೆ ಬಂದು ಕೂತಳು. ಇನ್ನು ಅವನು ಈ ಮೇಜಿಗೆ ಬರದೇ ಹೋದರೆ ಎಂಬ ಹೆದರಿಕೆ ಅವಳನ್ನು ಆವತ್ತು ಹಿಡಿದುಕೊಂಡಿತು. ಮಜೂರ್ ವಾರವಿಡೀ "ಬರ್ನಿಸಮ್ಮ ಎಲ್ಲಿ?" ಎಂದು ಕೇಳುತ್ತಲೇ ಇದ್ದ. ಅವಳು ಫೋನಿನ ತಂಟೆಗೆ ಹೋಗಲಿಲ್ಲ.

ಮುಂದಿನ ಭಾನುವಾರ ಮೊದಲ ಪಂದ್ಯ, ಊರಿನಲ್ಲೇ. ಲೂವಿನಿಯಾಳನ್ನು ಕರೆದುಕೊಂಡು ಹೋದಳು. ಕಾರು ನಿಲ್ಲಿಸುವ ಬಯಲಿನಲ್ಲಿ ಬೆಳಿಗ್ಗೆಯೇ ಕೋಳಿ ರೆಕ್ಕೆ ಹುರಿದು ಬಿಯರ್ ಕುಡಿದ ಗಂಡಸರು, ತಂಡದ ಅಭಿಮಾನಿಗಳ ಹಳೆಯ ಚಾಳಿಯಂತೆ, ವ್ಯಾನಿನ ಮೇಲಿಂದ ಮಡಚುವ ಮೇಜುಗಳ ಮೇಲೆ ಧುಮುಕಿ ಅವನ್ನು ಮುರಿಯುತ್ತಿದ್ದರು.

"ನೋಡೇ, ಜಿಗಿತ ಅಂದ್ರೆ ಇದೇ ಇರಬೇಕು," ಎಂದಳು ಲೂವಿನಿಯಾ. ಒಡೆಸ್ಸಾಗೆ ನಗು ಬರಲಿಲ್ಲ.

ಮೊದಲರ್ಧದಲ್ಲಿ ಟೆವಿನ್ ಎರಡು ಸಲ ಹಿಡಿದ. ಎರಡನೆಯದಂತೂ ಇಬ್ಬರ ನಡುವಿನಿಂದ ಮೇಲೆ ಹಾರಿ ಬೆರಳ ತುದಿಯಲ್ಲಿ ತೆಗೆದದ್ದು. ಸುತ್ತ ಇದ್ದ ಸಾವಿರಾರು ಜನ ಒಂದೇ ದನಿಯಲ್ಲಿ ಬಿಸ್ಕಿಟ್, ಬಿಸ್ಕಿಟ್ ಎಂದು ಕೂಗಿದರು. ಸ್ನಾನಕ್ಕೆ ಬಾ ಎಂದು ಅವನ ಹಿಂದೆ ಓಡುತ್ತ ಅವಳು ಕೂಗುತ್ತಿದ್ದ ಹೆಸರು. ಲೂವಿನಿಯಾ ಅವಳ ತೊಡೆ ತಟ್ಟಿ, "ನೋಡು, ಒಳ್ಳೇದೇ ಆಯ್ತಲ್ಲ" ಎಂದಳು. ಒಡೆಸ್ಸಾಗೂ ಒಂದು ಗಳಿಗೆ ಹಾಗೇ ಅನ್ನಿಸಿತು.

ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದರಲ್ಲಿ ಚೆಂಡು ಸ್ವಲ್ಪ ಹಿಂದಕ್ಕೆ ಬಂತು. ಟೆವಿನ್ ತಿರುಗಿ ಕೈ ಚಾಚಿದ. ಬೆರಳಿಗೆ ತಗಲಿ, ಮೇಲಕ್ಕೆ ಪುಟಿದು, ಎದುರಾಳಿಯ ಎದೆಗೆ ಹೋಗಿ ಕೂತಿತು. ಕ್ರೀಡಾಂಗಣ ನರಳಿತು. ಆಮೇಲೆ ಮೇಲಿನ ಸಾಲುಗಳಿಂದ ಎಲ್ಲೋ ಒಬ್ಬ ಶುರು ಮಾಡಿದ: "ಬಿಟ್ಟ ಬಿಸ್ಕಿಟ್." ಕೂಗು ಸಾಲಿನಿಂದ ಸಾಲಿಗೆ ಇಳಿದು ಬಂತು. ಒಡೆಸ್ಸಾಳ ಕಿವಿಯ ಪಕ್ಕದಿಂದ ಏನೋ ಹಾರಿ ಕೆಳಗಿನ ಕಟಕಟೆಗೆ ಬಡಿಯಿತು. ನಾಯಿಗೆ ಹಾಕುವ ಬಿಸ್ಕಿಟ್. ತಿರುಗಿ ನೋಡಿದರೆ ಹಿಂದಿನ ಸಾಲಿನವನ ತೊಡೆಯ ಮೇಲೆ ಪೊಟ್ಟಣವೇ ಇತ್ತು. ಬೆಳಿಗ್ಗೆಯೇ ಕೊಂಡು ತಂದಿದ್ದಾನೆ, ಚೆಂಡು ಬಿದ್ದರೆ ಇರಲಿ ಎಂದು. ಅವಳ ಮೈ ಉರಿಯಿತು. ಮಾತಾಡಬಾರದು ಎಂದು ತುಟಿ ಕಚ್ಚಿದಳು, ಆಗಲಿಲ್ಲ.

"ಅದನ್ನ ಕೆಳಗಿಡು," ಎಂದಳು. "ಇಟ್ಟು ಹಳದಿ ಗೆರೆ ಹಿಂದೆ ನಿಂತ್ಕೊ."

ಆತನ ಮುಖ ಅರಳಿಬಿಟ್ಟಿತು. "ಅರೆ, ಬರ್ನಿಸಮ್ಮ ಅಲ್ವಾ ನೀವು? ನಾನು ದಿನಾ ನಿಮ್ಮ ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ, ನಾವು ಬೈಯೋದು ಪ್ರೀತಿಗೇ. ಅವನು ನಮ್ಮ ಹುಡುಗ ತಾನೆ." ಪ್ರೀತಿಯಿಂದಲೇ ಕೋಳಿ ರೆಕ್ಕೆಯ ಡಬ್ಬ ಅವಳ ಕಡೆ ನೀಡಿದ.

ಅವಳು ಮುಂದಕ್ಕೆ ತಿರುಗಿ ಕೂತಳು. ಅವನನ್ನು ಇವರ ಕೈಗೆ ಇಟ್ಟವಳು ತಾನೇ. ಪಂದ್ಯವನ್ನು ಕೊನೆಗೆ ಹೇಗೋ ಗೆದ್ದರು, ಅವಳು ಅದನ್ನು ಸರಿಯಾಗಿ ನೋಡಲೂ ಇಲ್ಲ.

ಮನೆಗೆ ಬಂದವಳು ಕೋಟು ತೆಗೆಯದೆಯೇ ಒಲೆ ಹಚ್ಚಿದಳು. ಅವನು ಬರುತ್ತಾನೆಂದಲ್ಲ, ಕೈಗೆ ಕೆಲಸ ಬೇಕಾಗಿತ್ತು. ಅನ್ನಕ್ಕಿಟ್ಟು ಕೋಳಿ ಸಾರು ಮಾಡಿದಳು, ಸೊಪ್ಪು ಬೇಯಿಸಿದಳು. ಬಿಸ್ಕಿಟ್ ಮಾತ್ರ ಮಾಡಲಿಲ್ಲ. ಹಿಟ್ಟಿನ ಡಬ್ಬ ಮುಟ್ಟಲು ಮನಸ್ಸು ಬರಲಿಲ್ಲ.

ಕತ್ತಲಾಗುವ ಮೊದಲು ಹಿಂಬಾಗಿಲು ತೆರೆಯಿತು. ಟೆವಿನ್ ಒಳಗೆ ಬಂದು, ಬೂಟು ಬಿಚ್ಚಿ, ತನ್ನ ಕುರ್ಚಿಯಲ್ಲಿ ಕೂತ. ಕೆನ್ನೆಯ ಮೇಲೆ ಹುಲ್ಲಿನ ಗೀರು. ಒಡೆಸ್ಸಾ ಬಾಯಿಗೆ ಬಂದ ಹೆಸರನ್ನು ನುಂಗಿಕೊಂಡಳು.

"ಟೆವಿನ್," ಎಂದಳು.

ಅವನು ಹಿಂದಕ್ಕೆ ತಿರುಗಿ ನೋಡಿದ, ಬೇರೆ ಯಾರಾದರೂ ಬಂದಿದ್ದಾರೇನೋ ಎಂಬಂತೆ. ಆಮೇಲೆ ಕೇಳಿದ: "ಬರ್ನಿಸ್ ನಾಳೆ ಫೋನ್ ಮಾಡ್ತಾಳಾ?"

ಅವಳ ಕೈಯ ಸೌಟು ನಿಂತಿತು. "ನಿನಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾನೇ. ರೇಡಿಯೋದಲ್ಲಿ ಇನ್ಯಾರು ಅಜ್ಜಿ ಹಳದಿ ಗೆರೆ ಅಂತಾರೆ?" ಅವನು ನಗಲಿಲ್ಲ. "ಪ್ರಾಕ್ಟೀಸ್ ಮುಗಿಸಿ ಕಾರಲ್ಲಿ ಕೂತು ಕೇಳ್ತಿದ್ದೆ. ನೀನು ಇಟ್ಟ ಮೇಲೇ ಕಾರು ತೆಗೀತಿದ್ದೆ. ಇಡೀ ಊರಲ್ಲಿ ಅವಳೊಬ್ಬಳೇ ನನ್ನನ್ನ ಜಿಗಿ ಅಂತಿರ್ಲಿಲ್ಲ."

ಒಡೆಸ್ಸಾ ಅವನೆದುರು ಕುಸಿದು ಕೂತಳು. "ತಪ್ಪಾಯ್ತು ಕಣೋ."

"ಹೂಂ, ತಪ್ಪಾಯ್ತು," ಎಂದ ಅವನು. "ಅಮ್ಮನ್ನ ಮಣ್ಣು ಮಾಡಿದ ದಿನದ್ದು ಅಜ್ಜಿ ಅದು. ಇವತ್ತು ಅದನ್ನೇ ಎಸೆದ್ರು ನನ್ನ ಮೇಲೆ. ಆ ಹೆಸರು ಇನ್ನು ಅವರದ್ದು. ವಾಪಸ್ ಇಸ್ಕೊಳ್ಳೋಕಾಗಲ್ಲ."

ಅವಳು ಕಣ್ಣು ಒರೆಸಿಕೊಂಡಳು. ಬಸ್ಸು ಓಡಿಸುವಾಗಿನ ಗಟ್ಟಿ ದನಿ ಎಲ್ಲಿ ಹೋಯಿತೋ.

"ಹಾಗಾದ್ರೆ ಇನ್ನು ನಿನ್ನನ್ನ ನಾನು ಏನಂತ ಕರೀಲಿ?"

ಟೆವಿನ್ ಖಾಲಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಊಟಕ್ಕೆ ಕರಿ ಅಜ್ಜಿ," ಎಂದ. "ಅಷ್ಟು ಸಾಕು."

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಒಡೆಸ್ಸಾ ಎದ್ದು ಒಲೆ ಆರಿಸಿದಳು, ಸೌಟು ಕೈಗೆತ್ತಿಕೊಂಡಳು, ಎದುರಿಗೇ ಕೂತಿದ್ದವನನ್ನು, "ಊಟಕ್ಕೆ ಬಾರೋ" ಎಂದು ಕರೆದಳು.