ಶನಿವಾರ ಕೆಡುವ ಯಂತ್ರಗಳು

"ಅಕ್ಕ, ಇನ್ನೊಂದು ಸಲ ಯೋಚ್ನೆ ಮಾಡಿ. ಬಿಚ್ಚಿದ್ಮೇಲೆ ನನ್ನನ್ನ ಬೈಬಾರ್ದು," ಎಂದ ಹಿರಿಯ ಫಿಟ್ಟರ್, ಗೇರ್‌ಬಾಕ್ಸಿನ ಮುಚ್ಚಳದ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟುಕೊಂಡೇ.

"ಬಿಚ್ಚಿ," ಎಂದಳು ಅವಳು.

ಕಾಗದ ಒಣಗಿಸುವ ದೊಡ್ಡ ರೋಲರನ್ನು ಅವಳ ಮಾತಿನ ಮೇಲೆ ನಿಲ್ಲಿಸಿದ್ದರು. ಅದು ನಿಂತರೆ ಇಡೀ ಕಾರ್ಖಾನೆ ನಿಂತ ಹಾಗೆ. ಮ್ಯಾನೇಜರ್ ಕೈಕಟ್ಟಿಕೊಂಡು ನೋಡುತ್ತಿದ್ದರು. ಯಾವ ಯಂತ್ರ ಯಾವಾಗ ಕೆಡುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮೊದಲೇ ಹೇಳುವುದು ಅವಳ ಕೆಲಸ. ವರ್ಕ್‌ಶಾಪಿನವರು ಅವಳಿಗೆ 'ಭವಿಷ್ಯದಕ್ಕ' ಎಂದು ಹೆಸರಿಟ್ಟಿದ್ದರು. ಹೋದ ತಿಂಗಳು ಅವಳ ಮಾತು ಕೇಳಿ ಇನ್ನೊಂದು ಯಂತ್ರ ಬಿಚ್ಚಿದಾಗ ಒಳಗೆಲ್ಲ ಹೊಸದರಂತೆ ಫಳಫಳ ಹೊಳೆಯುತ್ತಿತ್ತು. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತದೆ, ಅವಳಿಗೆ ಅದೂ ಸಿಗಲಿಲ್ಲ. ಈ ಸಲವೂ ಹಾಗೇ ಆದರೆ ಭವಿಷ್ಯಕ್ಕೆ ಬೀಗ ಹಾಕಿ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಿಕೊಂಡಿರಿ ಎಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದರು.

ತಪ್ಪು ಎಲ್ಲಾಗಿದೆ ಎಂದು ಹೊಳೆದದ್ದು ಮನೆಯಲ್ಲಿ. ಯಾವ ಯಂತ್ರ ಯಾವತ್ತು ಕೆಟ್ಟಿತೆಂದು ಫಿಟ್ಟರುಗಳು ಬರೆದಿಡುವ ರಿಪೇರಿ ಕಾರ್ಡುಗಳನ್ನು ನಂಬಿ ಅವಳು ಲೆಕ್ಕ ಹಾಕಿದ್ದಳು. ಅವುಗಳ ಪ್ರಕಾರ ಕಾರ್ಖಾನೆಯ ಯಂತ್ರಗಳೆಲ್ಲ ಮಾತಾಡಿಕೊಂಡವರ ಹಾಗೆ ಶನಿವಾರವೇ ಕೆಡುತ್ತಿದ್ದವು. ವಾರದ ಕೊನೆಗೆ ದುಡಿಮೆ ಹೆಚ್ಚಿರಬೇಕು ಎಂದು ತಾನೇ ಒಂದು ಕಾರಣವನ್ನೂ ಹೊಂದಿಸಿಕೊಂಡಿದ್ದಳು. ಒಂದು ರಜೆಯ ದಿನ ಗಂಡ ಬಟ್ಟೆಯ ರಾಶಿಯನ್ನು ಬಕೆಟ್ಟಿಗೆ ತುರುಕುತ್ತಿದ್ದ.

"ಇಷ್ಟೊಂದು ಬಟ್ಟೆ ಇವತ್ತೇ ಕೊಳೆ ಆಯ್ತಾ?" ಎಂದು ಛೇಡಿಸಿದಳು.

"ಕೊಳೆ ಆಗೋದು ವಾರವೆಲ್ಲ ಕಣೇ. ಒಗೆಯೋದು ಇವತ್ತು."

ಅವಳು ಲೋಟ ಹಿಡಿದು ಹಾಗೇ ನಿಂತುಬಿಟ್ಟಳು. ಮರುದಿನ ಫಿಟ್ಟರನ್ನು ಕೇಳಿದರೆ ಆತ ನಕ್ಕ. "ಮೈಯೆಲ್ಲ ಗ್ರೀಸ್ ಮಾಡ್ಕೊಂಡು ದಿನಾ ಯಾರು ಬರೀತಾರಕ್ಕ? ಶನಿವಾರ ಕೂತು ವಾರದ್ದೆಲ್ಲ ಒಟ್ಟಿಗೆ ಬರೀತೀವಿ, ಅವತ್ತಿನ ತಾರೀಕು ಹಾಕ್ತೀವಿ. ಮೊದ್ಲಿಂದ್ಲೂ ಹಾಗೇ."

ಯಂತ್ರ ಕೆಟ್ಟ ದಿನವೇ ತಪ್ಪಾದರೆ ಲೆಕ್ಕ ಸರಿಯಾಗುವುದು ಹೇಗೆ? ಕಾರ್ಡುಗಳನ್ನು ಪಕ್ಕಕ್ಕಿಟ್ಟು ಅವಳು ಕರೆಂಟ್ ರೂಮಿಗೆ ನಡೆದಳು. ಹಿಂದೆ ಕರೆಂಟ್ ಬಿಲ್ಲಿನ ತಕರಾರು ಬಂದಾಗ ಒಂದೊಂದು ಮೋಟರಿಗೂ ಹಾಕಿದ್ದ ಮೀಟರುಗಳು ಅಲ್ಲಿ ವರ್ಷಗಳಿಂದ ತಮ್ಮ ಪಾಡಿಗೆ ತಾವು ದಾಖಲಿಸುತ್ತಿದ್ದವು. ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಅವಕ್ಕೆ ಶನಿವಾರವೂ ಒಂದೇ, ಸೋಮವಾರವೂ ಒಂದೇ. ಈ ರೋಲರಿನ ಮೋಟರು ಅದೇ ಕೆಲಸಕ್ಕೆ ದಿನದಿನಕ್ಕೆ ಹೆಚ್ಚು ಕರೆಂಟ್ ಎಳೆಯುತ್ತಿತ್ತು. ಒಳಗೆ ಏನೋ ಹಿಡಿದುಕೊಳ್ಳುತ್ತಿದೆ ಎಂದು ಅವಳಿಗೆ ಖಾತ್ರಿಯಾಯಿತು.

ಈಗ ಗೇರ್‌ಬಾಕ್ಸಿನ ಮುಚ್ಚಳ ಎದ್ದಿತು. ಮೊದಲು ಸುಟ್ಟ ಎಣ್ಣೆಯ ವಾಸನೆ ಬಂತು. ಫಿಟ್ಟರ್ ಟಾರ್ಚ್ ಹಾಕಿ ಬಗ್ಗಿದ, ಮೊಣಕೈವರೆಗೆ ಕೈ ಇಳಿಸಿದ, ಬೇರಿಂಗಿನ ಒಡೆದ ಚೂರೊಂದನ್ನು ತೆಗೆದು ಮ್ಯಾನೇಜರರ ಅಂಗೈ ಮೇಲಿಟ್ಟ.

"ಇನ್ನೆರಡು ದಿನ ಓಡಿದ್ರೆ ಶಾಫ್ಟೇ ಮುರೀತಿತ್ತು ಸಾರ್."

ಮ್ಯಾನೇಜರ್ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದರು. "ಸ್ಟೋರಿಗೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ," ಎಂದರು ಕೊನೆಗೆ. "ನೀವು ಮುಂದಿನ ಯಂತ್ರ ಯಾವ್ದು ಹೇಳಿ."

ಅವಳಿಗೆ ಅಲ್ಲೇ ಕುಣಿಯಬೇಕೆನಿಸಿತು. ಸಂತೋಷಕ್ಕೆ ಕಣ್ಣು ತುಂಬಿ ಬಂತು. ತಪ್ಪನ್ನು ಎಣ್ಣೆಯ ಘಾಟಿನ ಮೇಲೆ ಹಾಕಿ ಒರೆಸಿಕೊಂಡಳು.

ಫಿಟ್ಟರ್ ಚಿಂದಿ ಬಟ್ಟೆಯಲ್ಲಿ ಕೈ ತಿಕ್ಕಿಕೊಂಡು ಜೇಬಿನಿಂದ ಒಂದು ಖಾಲಿ ಕಾರ್ಡು ತೆಗೆದ. ಇನ್ನೂ ಬೆಚ್ಚಗಿದ್ದ ಗೇರ್‌ಬಾಕ್ಸಿಗೆ ಅದನ್ನು ಒತ್ತಿ ಹಿಡಿದ.

"ಅಕ್ಕ, ಇವತ್ತು ಯಾವ ವಾರ?"

"ಮಂಗಳವಾರ."

ಹೆಬ್ಬೆರಳಿನ ಗ್ರೀಸು ಅಂಟಿದ ಕಾರ್ಡಿನ ಮೇಲೆ ಆತ ನಿಧಾನವಾಗಿ ಹಾಗೆಂದೇ ಬರೆದ.